ಡಿಕ್ಕಿ ಇರುವ ಹಳೇ ಕಾರು

ಮಕ್ಕಳೇ, ಡಿಕ್ಕಿ ಎಂದ ಕೂಡಲೇ ಗಾಬರಿಯಾಗಬೇಡಿ. ಬಸ್ಸು ಹೋಗಿ ಲಾರಿಗೆ ಹೊಡೆಯುವ ಡಿಕ್ಕಿಯಲ್ಲ, ಕಾರಿನ ಹಿಂದುಗಡೆ ಸಾಮಾನು ತುಂಬುವ ಡಿಕ್ಕಿ. ಹೀಗೆ ಹಿಂದಕ್ಕೆ ಡಿಕ್ಕಿ ಚಾಚಿಕೊಂಡಿರುವ ಉದ್ದನೆಯ ಕಾರಿಗೆ ಸೆಡಾನ್ ಎನ್ನುತ್ತಾರೆ. ಈಗ ಎಲ್ಲರಿಗೂ ಎತ್ತರದ ಗಾಡಿಯೇ ಬೇಕು. ಅದರಿಂದ ಹಳೇ ಸೆಡಾನ್‌ಗಳನ್ನು ಕೇಳುವವರು ಕಡಿಮೆ. ಕೇಳುವವರು ಕಡಿಮೆಯಾದರೆ ಬೆಲೆ ಇಳಿಯುತ್ತದೆ. ನಮ್ಮಂಥವರಿಗೆ ಅದು ಒಳ್ಳೆಯ ಸುದ್ದಿ.

ಅಜ್ಜ ಅಜ್ಜಿಯರಿಗೆ ಸೆಡಾನ್ ಎಂದರೆ ಅಂಬಾಸಿಡರ್ ಮತ್ತು ಫಿಯೆಟ್. ಕೋಲ್ಕತ್ತದ ಹತ್ತಿರ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರವರೆಗೂ ಬಂತು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್‌ಗೆ ಆಮೇಲೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಅವು ಕೆಡುತ್ತಿರಲಿಲ್ಲ ಎಂದು ಈಗ ಹೇಳುವವರು ಮರೆತು ಹೇಳುತ್ತಾರೆ. ಮಡಿಕೇರಿ ಘಾಟಿ ಹತ್ತುವಾಗ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹೊಯ್ಯುತ್ತಾ ನಿಂತವರು ಎಷ್ಟು ಜನ! ಆದರೆ ಕೆಟ್ಟರೆ ಯಾವ ಊರಿನಲ್ಲಾದರೂ ಒಬ್ಬ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸರಿಮಾಡಿ ಕಳಿಸುತ್ತಿದ್ದ. ಆಗಿನ ನಂಬಿಕೆ ಅಂಥದ್ದು. 1994ರಲ್ಲಿ ಮಾರುತಿ ಎಸ್ಟೀಮ್, 1998ರಲ್ಲಿ ಹೋಂಡಾ ಸಿಟಿ ಬಂದ ಮೇಲೆ ನಂಬಿಕೆಯ ಅರ್ಥವೇ ಬದಲಾಯಿತು. ಕೆಡುವುದೇ ಅಪರೂಪ. ಕೆಟ್ಟರೆ ಮಾತ್ರ ಸ್ಪ್ಯಾನರ್ ಸಾಲದು, ಕಂಪ್ಯೂಟರ್ ಬೇಕು.

ಹೋದ ವರ್ಷ ನಮ್ಮ ಬೀದಿಯ ಟೈಲರ್ ಒಬ್ಬರು ನನ್ನ ಹತ್ತಿರ ಬಂದರು. ಅವರ ತಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್, ಮಂಡ್ಯದಿಂದ ಮೈಸೂರಿಗೆ ಹೋಗಬೇಕು. ಹೋಗುವಾಗ ಬಸ್ಸು ಪರವಾಗಿಲ್ಲ, ಬರುವಾಗ ಆ ತಾಯಿಗೆ ನಿಲ್ಲುವ ಶಕ್ತಿಯೂ ಇರುವುದಿಲ್ಲ. ಬಾಡಿಗೆ ಕಾರಿಗೆ ಕೊಟ್ಟು ಕೊಟ್ಟು ಸಾಕಾಗಿತ್ತು. "ಸಾ, ಹೊಸ ಕಾರಿಗೆ 6 ಲಕ್ಷ ಸಾಲ ಕೊಡ್ತಾರಂತೆ, ಒಸಿ ಲೆಕ್ಕ ಹಾಕಿ" ಎಂದರು. ಲೆಕ್ಕ ಹಾಕಿದೆ. ಶೇಕಡಾ 9ರ ಬಡ್ಡಿ, 5 ವರ್ಷ ಎಂದರೆ ತಿಂಗಳಿಗೆ ಸುಮಾರು 12,455 ರೂಪಾಯಿ ಕಂತು. ಬಡ್ಡಿಯೇ ಒಂದೂ ಕಾಲು ಲಕ್ಷ ದಾಟಿ ಒಂದೂವರೆ ಲಕ್ಷದ ಹತ್ತಿರ ಹೋಗುತ್ತದೆ. ಹಬ್ಬದ ತಿಂಗಳಲ್ಲಿ ಟೈಲರಿಗೆ ಕೈತುಂಬ ಕೆಲಸ, ಆಷಾಢದಲ್ಲಿ ಮಿಷನ್ನಿಗೆ ರಜ. ಕಂತಿಗೆ ಆಷಾಢ ಗೊತ್ತಾಗುವುದಿಲ್ಲ.

ಹೀಗಾಗಿ ಹಳೇ ಕಾರು ಹುಡುಕಿದೆವು. ಟೊಯೋಟಾ ಎಟಿಯಾಸ್ ಎಂಬ ಸೆಡಾನ್ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿತ್ತು. 2010ರ ಕೊನೆಗೆ ಬಂದು, 2020ರಲ್ಲಿ ನಿಂತಿತು. ಒಳಗೆ ಏನೂ ಥಳಕಿಲ್ಲ. ಸ್ಪೀಡು ತೋರಿಸುವ ಮೀಟರು ಡ್ರೈವರ್ ಎದುರಿಗಿಲ್ಲ, ಡ್ಯಾಶ್‌ಬೋರ್ಡಿನ ನಡುವೆ ಇದೆ. ಅಪ್ಪ ಎಷ್ಟು ವೇಗದಲ್ಲಿ ಓಡಿಸುತ್ತಿದ್ದಾರೆ ಎಂದು ಹಿಂದಿನ ಸೀಟಿನ ಮಕ್ಕಳು ಅಮ್ಮನಿಗೆ ವರದಿ ಒಪ್ಪಿಸಬಹುದು! ಡಿಕ್ಕಿ 595 ಲೀಟರಿನದು, ಗಾಲಿಕುರ್ಚಿ ಮಡಚಿ ಇಟ್ಟರೂ ಜಾಗ ಉಳಿಯುತ್ತದೆ. ಟ್ಯಾಕ್ಸಿಯವರು ಇದನ್ನು ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದ್ದಾರೆ.

ಇದರ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇದೆ. ಏನದು? ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ, ವಾಲ್ವ್‌ಗಳು ಬಾಗಿಲಿನಂತೆ ತೆರೆದು ಮುಚ್ಚುತ್ತವೆ. ಎರಡೂ ತಾಳ ತಪ್ಪಬಾರದು. ಆ ತಾಳ ಹಿಡಿಯುವುದಕ್ಕೆ ಕೆಲವು ಕಾರುಗಳಲ್ಲಿ ನಿಮ್ಮ ಸೈಕಲ್ಲಿನಂಥ ಕಬ್ಬಿಣದ ಚೈನ್, ಕೆಲವುಗಳಲ್ಲಿ ಹಿಟ್ಟಿನ ಗಿರಣಿಯಂಥ ರಬ್ಬರ್ ಬೆಲ್ಟ್. ಬೆಲ್ಟನ್ನು ಕಂಪನಿ ಹೇಳಿದ ಗಡುವಿಗೆ ಬದಲಿಸಲೇಬೇಕು. ದಾರಿಯಲ್ಲಿ ಹರಿದರೆ ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆಗ ಕಾರಿನ ಬೆಲೆಗೂ ರಿಪೇರಿ ಬಿಲ್ಲಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಬೆಲ್ಟ್ ಇರುವ ಹಳೇ ಕಾರಾದರೆ, ಬದಲಿಸಿದ ಬಿಲ್ಲು ತೋರಿಸಿ ಎಂದು ಕೇಳಿ. ಬಾಯಿಮಾತು ಬೇಡ.

ನಾವು ನೋಡಿದ ಮೊದಲ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. "ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ" ಎಂದರು ಬ್ರೋಕರ್. (ಮಾರಾಟಕ್ಕಿರುವ ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ನಮ್ಮ ದೇಶದಲ್ಲಿ ರೋಗಿಗಳನ್ನು ನೋಡಿದವರು ಯಾರೋ!) ಮೀಟರಿನಲ್ಲಿ 48,000 ಕಿಲೋಮೀಟರ್. ಟೈಲರ್ ಮಗಳು ಏಳನೇ ಕ್ಲಾಸು, ಅವಳು ಕೆಳಗೆ ಬಗ್ಗಿ "ತಾತ, ಬ್ರೇಕ್ ಪೆಡಲ್ ರಬ್ಬರ್ ಪೂರ್ತಿ ಸವೆದಿದೆ" ಎಂದಳು. ಅಷ್ಟು ಕಡಿಮೆ ಓಡಿದ ಗಾಡಿಯ ಪೆಡಲ್ ಅಷ್ಟು ನುಣ್ಣಗಾಗುವುದಿಲ್ಲ. ಟೈರಿನ ಮೇಲೆ ಉಬ್ಬಿದ ನಾಲ್ಕು ಅಂಕಿ ಓದುವುದನ್ನೂ ಅವಳಿಗೆ ಹೇಳಿಕೊಟ್ಟೆ. 2316 ಎಂದಿದ್ದರೆ 2016ನೇ ಇಸವಿಯ 23ನೇ ವಾರ ತಯಾರಾದ ಟೈರು. ನೀವೂ ನಿಮ್ಮ ಮನೆಯ ಗಾಡಿಯಲ್ಲಿ ನೋಡಿ.

ನಾನು ನೋಡಿದ್ದು ಆರ್‌ಸಿಯನ್ನು. ಅದರಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ಇನ್ನೂ ಕುಳಿತಿತ್ತು. "ಅದೆಲ್ಲ ಆಮೇಲೆ ಮಾಡಿಸಿಕೊಡ್ತೀವಿ" ಎಂದರು. ಆಮೇಲೆ ಎಂಬ ಮಾತಿಗೆ ಬ್ಯಾಂಕಿನಲ್ಲಿ ಬೆಲೆಯಿಲ್ಲ. ಸಾಲ ತೀರಿದ ಪತ್ರ, ಫಾರಂ 35 ಎರಡೂ ಆರ್‌ಟಿಓಗೆ ಹೋಗಿ ಆ ಹೆಸರು ಅಳಿಯಬೇಕು. ಅದಾಗುವ ತನಕ ಮುಂಗಡ ಹಣವನ್ನೂ ಕೊಡಬಾರದು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30.

ಎರಡನೆಯ ಕಾರು ನಿವೃತ್ತ ಮೇಷ್ಟ್ರದು. ಬಣ್ಣ ಮಾಸಿತ್ತು, ಬಾಗಿಲಿನ ಮೇಲೆ ಗೀರು, ಓಡಿದ್ದು 1,12,000 ಕಿಲೋಮೀಟರ್. ಆದರೆ ಪ್ರತಿ ಸರ್ವೀಸಿನ ಬಿಲ್ಲೂ ದಾರ ಕಟ್ಟಿದ ಫೈಲಿನಲ್ಲಿತ್ತು. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿದ್ದೆವು. ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು, ನೀಲಿ ಹೊಗೆಯಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಟೈಲರ್ ಮನಸ್ಸು ಮಾತ್ರ ಇನ್ನೂ ಹೊಳೆಯುವ ಗಾಡಿಯ ಮೇಲೇ ಇತ್ತು. ಅವರನ್ನು ಒಪ್ಪಿಸಿದ್ದು ನಾನಲ್ಲ, ಆ ಫೈಲು.

ಎರಡು ಮಾತು ಕಟ್ಟುನಿಟ್ಟಾಗಿ ಹೇಳಿದೆ. ಒಂದು, ಏರ್‌ಬ್ಯಾಗ್. ಹಳೇ ಕಾರುಗಳ ಅಗ್ಗದ ಮಾದರಿಗಳಲ್ಲಿ ಎಷ್ಟೋ ಸಲ ಅದು ಇರುವುದೇ ಇಲ್ಲ. ಸ್ಟೀರಿಂಗ್ ಮೇಲೆ ಎಸ್‌ಆರ್‌ಎಸ್ ಎಂಬ ಅಕ್ಷರ ಇದೆಯೇ ನೋಡಬೇಕು. ಈ ಕಾರಿನಲ್ಲಿತ್ತು. ಇಲ್ಲದಿದ್ದರೆ ಬೇಡ ಎನ್ನುತ್ತಿದ್ದೆ. ಇನ್ನೊಂದು, ನೋಂದಣಿ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಗಾಡಿಯನ್ನು ಪರೀಕ್ಷೆಗೆ ಒಯ್ದು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಇದು 2013ರ ಕಾರು. 2028ರ ಖರ್ಚನ್ನು ಇವತ್ತಿನ ಬೆಲೆಯಲ್ಲೇ ಕಳೆದು ಚೌಕಾಸಿ ಮಾಡಿದೆವು.

ಅಜ್ಜಿಯರಿಗೆ ಒಂದು ಸೂಚನೆ. ಅಂಬಾಸಿಡರಿನಲ್ಲಿ ಕುರ್ಚಿಯ ಮೇಲೆ ಕುಳಿತ ಹಾಗೆ ಕೂರಬಹುದಿತ್ತು. ಈಚಿನ ಸೆಡಾನ್‌ಗಳಲ್ಲಿ ಕೆಲವಕ್ಕೆ ಸೀಟು ತೀರಾ ಕೆಳಗೆ. ಮಂಡಿನೋವಿದ್ದವರು ಕೊಳ್ಳುವ ಮೊದಲು ತಾವೇ ಹೋಗಿ ಮೂರು ಸಲ ಕೂತು ಎದ್ದು ನೋಡಬೇಕು. ಟೈಲರ್ ತಾಯಿಯನ್ನೂ ಕರೆದುಕೊಂಡು ಹೋಗಿದ್ದೆವು. ಅವರು ಎರಡೂ ಕಾರಿನಲ್ಲಿ ಕುಳಿತು, ಮುಂದಿನ ಸೀಟಿಗೆ ಒಂದು ದಿಂಬು ಸಾಕು ಎಂದರು.

ಕಾರಿಗೆ 2,80,000 ರೂಪಾಯಿ. ನಾಲ್ಕು ಟೈರು, ಬ್ಯಾಟರಿ, ಹಳೆಯ ರಬ್ಬರ್ ಪೈಪುಗಳು ಸೇರಿ ಇನ್ನೊಂದು 31,000. ಒಂದಿಷ್ಟು ಉಳಿತಾಯದ್ದು, ಒಂದಿಷ್ಟು ಭಾವಮೈದುನ ಕೊಟ್ಟದ್ದು. ಕಂತಿಲ್ಲ. ತಿಂಗಳಿಗೆ 2,000ದ ಒಂದು ಆರ್‌ಡಿ ಮಾಡಿಸಿದೆ, ಕಾರಿನ ಹೆಸರಿನಲ್ಲಿ. ಪೆಟ್ರೋಲು, ಕಿಲೋಮೀಟರ್ ಎಲ್ಲವನ್ನೂ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಹೋದ ವಾರ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಸವೆದಿದೆ, ದೀಪಾವಳಿಯೊಳಗೆ ಬದಲಿಸಿ ಎಂದರಂತೆ. ಆರ್‌ಡಿಯಲ್ಲಿ ಆಗಲೇ 18,000 ಸೇರಿದೆ.