ವಿಮೆ ಬೆಳೆಗಾರರ ಸಂಘಕ್ಕೂ ತಲುಪಲಿ

ವಿಶ್ವಸಂಸ್ಥೆ 2025ನ್ನು ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಘೋಷಿಸಿತ್ತು. 2024ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಸೇರಿದ್ದ ಸಣ್ಣ ದ್ವೀಪರಾಷ್ಟ್ರಗಳು ಹತ್ತು ವರ್ಷಗಳ ಅಭಿವೃದ್ಧಿ ಕಾರ್ಯಸೂಚಿಗೆ ಒಪ್ಪಿಗೆ ನೀಡಿವೆ. ಎರಡೂ ಸ್ವಾಗತಾರ್ಹ. ಆದರೆ ದ್ವೀಪಗಳ ಸಹಕಾರ ಸಂಘಗಳು ಬಡತನ ತಗ್ಗಿಸಬೇಕಾದರೆ ಮೊದಲು ಅವು ಬಿರುಗಾಳಿಗೆ ಸಿಕ್ಕಿಯೂ ಉಳಿಯಬೇಕು.

ಗ್ರೆನಡಾ ಇದಕ್ಕೆ ಸಾಕ್ಷಿ. ರಾಷ್ಟ್ರಧ್ವಜದಲ್ಲೇ ಜಾಯಿಕಾಯಿಯನ್ನು ಇರಿಸಿಕೊಂಡಿರುವ ಈ ಕೆರಿಬಿಯನ್ ದೇಶದಲ್ಲಿ 1947ರಲ್ಲಿ ಸ್ಥಾಪನೆಯಾದ ಬೆಳೆಗಾರರ ಸಹಕಾರ ಸಂಘವು ಸಣ್ಣ ಹಿಡುವಳಿದಾರರಿಂದ ಜಾಯಿಕಾಯಿ, ಜಾಪತ್ರೆ ಕೊಂಡು, ಸಂಸ್ಕರಿಸಿ ವಿದೇಶಕ್ಕೆ ಮಾರುತ್ತ ಬಂದಿದೆ. ತುಂಡು ಭೂಮಿಯ ರೈತ ಒಂಟಿಯಾಗಿ ಮುಟ್ಟಲಾರದ ಮಾರುಕಟ್ಟೆ ಅದು. 2004ರ ಸೆಪ್ಟೆಂಬರಿನಲ್ಲಿ ಐವನ್ ಚಂಡಮಾರುತ ಜಾಯಿಕಾಯಿ ಮರಗಳ ಬಹುಪಾಲನ್ನು ಉರುಳಿಸಿತು; ಮರುವರ್ಷವೇ ಎಮಿಲಿ ಬಂತು. ಹೊಸ ಗಿಡ ಫಲಕ್ಕೆ ಬರಲು ಹಲವು ವರ್ಷ ಬೇಕು. ಅಲ್ಲಿಯವರೆಗೆ ಆ ತೋಟದಿಂದ ಕುಟುಂಬಕ್ಕೆ ಆದಾಯವಿಲ್ಲ, ಸಂಘಕ್ಕೆ ಸರಕಿಲ್ಲ.

2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಅಪ್ಪಳಿಸಿದಾಗ ಕೆರಿಬಿಯನ್ ವಿಪತ್ತು ವಿಮಾ ನಿಧಿಯಿಂದ ಗ್ರೆನಡಾಕ್ಕೆ ನಾಲ್ಕು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ದೊರೆಯಿತು. ಆದರೆ ಈ ನಿಧಿಯ ಪಾಲಿಸಿದಾರರು ಮುಖ್ಯವಾಗಿ ಸರ್ಕಾರಗಳು. ಮೀನುಗಾರಿಕೆಗಾಗಿ 2019ರಲ್ಲಿ ಪ್ರತ್ಯೇಕ ವಿಮೆ ಬಂದಿದೆ. ಅದೇ ಬಗೆಯ ರಕ್ಷಣೆ ಬೆಳೆಗಾರರ ಸಂಘಗಳಿಗೂ ನೇರವಾಗಿ ಸಿಗಬೇಕು. ಅದರ ಕಂತನ್ನು, ವಾತಾವರಣಕ್ಕೆ ಹೆಚ್ಚು ಇಂಗಾಲ ಉಗುಳಿದ ಶ್ರೀಮಂತ ರಾಷ್ಟ್ರಗಳು ತಮ್ಮ ಹವಾಮಾನ ನೆರವಿನಿಂದ ಭರಿಸಬೇಕು ಎಂಬುದು ಈ ಪತ್ರಿಕೆಯ ಸ್ಪಷ್ಟ ನಿಲುವು.