ತಪ್ಪು ನಾಲಿಗೆಯದೇ?

ಕೆಲವು ತಿಂಗಳ ಹಿಂದೆ ನಮ್ಮ ಕಚೇರಿಯಲ್ಲೊಂದು ಆರೋಗ್ಯ ಶಿಬಿರ ನಡೆಯಿತು. ತೂಕದ ಯಂತ್ರದ ಮುಂದೆ ಸಾಲಾಗಿ ನಿಂತ ನಮಗೆ ಉಪನ್ಯಾಸಕರು ಹೇಳಿದ್ದು ಒಂದೇ ಮಾತು: ನಾಲಿಗೆಯನ್ನು ಹಿಡಿತದಲ್ಲಿಡಿ, ಮನಸ್ಸು ಗಟ್ಟಿಯಾಗಿದ್ದರೆ ಎಲ್ಲವೂ ಸಾಧ್ಯ. ರಾತ್ರಿಯೂಟ ಬಿಟ್ಟು ಹತ್ತು ಕಿಲೊ ಇಳಿಸಿ, ವರ್ಷದೊಳಗೆ ಅಷ್ಟನ್ನೂ ಮರಳಿ ಪಡೆದಿದ್ದ ಸಹೋದ್ಯೋಗಿಯೊಬ್ಬರು ಅಂದಿನಿಂದ ನಮ್ಮೊಡನೆ ಕುಳಿತು ಡಬ್ಬಿ ಬಿಚ್ಚುವುದನ್ನೇ ನಿಲ್ಲಿಸಿದ್ದಾರೆ. ಆ ಉಪದೇಶವನ್ನು ನಾವು ಒಪ್ಪಲಾರೆವು.

ಹೆಚ್ಚು ಉಣ್ಣುವುದನ್ನು ಶೀಲದ ದೋಷವೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು. ಜಿಹ್ವಾಚಾಪಲ್ಯವೆಂಬ ಪದದಲ್ಲೇ ಆ ತೀರ್ಪು ಅಡಗಿದೆ. ಆದರೆ ಹಸಿವಿನ ಲೆಕ್ಕವಿಡುವುದು ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್. ದೇಹದಲ್ಲಿ ಕೊಬ್ಬು ಎಷ್ಟು ಸಂಗ್ರಹವಾಗಿದೆಯೆಂಬ ಸುದ್ದಿಯನ್ನು ಅಲ್ಲಿಗೆ ಮುಟ್ಟಿಸುವುದು ಲೆಪ್ಟಿನ್ ಎಂಬ ಹಾರ್ಮೋನು; 1994ರಲ್ಲಿ ಅದನ್ನು ಕಂಡುಹಿಡಿದದ್ದು ಜೆಫ್ರಿ ಫ್ರೀಡ್‌ಮನ್ ಅವರ ತಂಡ. ಖಾಲಿ ಹೊಟ್ಟೆಯ ಸುದ್ದಿಯನ್ನು ಒಯ್ಯುವ ಗ್ರೆಲಿನ್ 1999ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ದೊರೆಯಿತು. ತೂಕ ಇಳಿಸಿದವರಲ್ಲಿ ಲೆಪ್ಟಿನ್ ಕುಗ್ಗುತ್ತದೆ, ಗ್ರೆಲಿನ್ ಹೆಚ್ಚುತ್ತದೆ, ವಿಶ್ರಾಂತಿಯಲ್ಲಿ ವ್ಯಯವಾಗುವ ಶಕ್ತಿಯೂ ತಗ್ಗುತ್ತದೆ. ನಾವು ಸಾಧನೆಯೆಂದು ಬೀಗುವುದನ್ನು ಮೆದುಳು ಬರಗಾಲವೆಂದು ಓದುತ್ತದೆ.

ಮನಸ್ಸು ಗಟ್ಟಿಯಿದ್ದರೆ ಸಾಕೆನ್ನುವವರು 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗವನ್ನು ನೆನೆಯಬೇಕು. ಅದರಲ್ಲಿ ಪಾಲ್ಗೊಂಡ 36 ಯುವಕರು ಆತ್ಮಸಾಕ್ಷಿಗೆ ಒಪ್ಪದೆಂದು ಯುದ್ಧಕ್ಕೆ ಹೋಗಲು ನಿರಾಕರಿಸಿದವರು. ಅವರ ಮನೋಬಲವನ್ನು ಯಾರೂ ಶಂಕಿಸಲಾರರು. ಆರು ತಿಂಗಳ ಅರೆಹೊಟ್ಟೆ ಅವರನ್ನು ಖಿನ್ನತೆಗೆ ದೂಡಿತು. ತಟ್ಟೆ ನೆಕ್ಕುವಂತೆ, ಹಗಲಿರುಳು ಅನ್ನವನ್ನೇ ಧ್ಯಾನಿಸುವಂತೆ ಮಾಡಿತು. ಪ್ರಯೋಗ ಮುಗಿದ ಮೇಲೂ ಹಲವರಿಗೆ ಎಷ್ಟು ಉಂಡರೂ ತೃಪ್ತಿಯಿರಲಿಲ್ಲ. ಅಂಥವರನ್ನೇ ಮಣಿಸಿದ ಹಸಿವಿಗೆ ನಮ್ಮ ಸಹೋದ್ಯೋಗಿ ಮಣಿದರೆ ಅದು ದೌರ್ಬಲ್ಯವೇ?

ಹಾಗಾದರೆ ಮನುಷ್ಯನಿಗೆ ಹೊಣೆಯೇ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅದು ತಿನ್ನುವವನೊಬ್ಬನದೇ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಮಂದಿಗೆ ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ನೀಡಲಾಯಿತು. ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮವಾಗಿದ್ದವು. ಬೇಕಾದಷ್ಟು ಉಣ್ಣುವ ಸ್ವಾತಂತ್ರ್ಯವಿತ್ತು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ನಿತ್ಯ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಬದಲಾದದ್ದು ತಟ್ಟೆ, ಉಂಡವರು ಅವರೇ.

ನಿದ್ರೆಯ ಮಾತೂ ಇದೆ. ಷಿಕಾಗೊ ವಿಶ್ವವಿದ್ಯಾಲಯದ 2004ರ ಅಧ್ಯಯನವೊಂದರಲ್ಲಿ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದ ಯುವಕರಲ್ಲಿ ಲೆಪ್ಟಿನ್ ಶೇ. 18ರಷ್ಟು ಇಳಿದು ಗ್ರೆಲಿನ್ ಶೇ. 28ರಷ್ಟು ಏರಿತ್ತು. ವಿರಾರ್, ಬದ್ಲಾಪುರಗಳಿಂದ ನಸುಕಿನ ಲೋಕಲ್ ಹಿಡಿಯುವ ಮುಂಬಯಿಗರಿಗೆ ಸಂಯಮ ಬೋಧಿಸುವವರು ಮೊದಲು ಅವರ ನಿದ್ರೆಯ ಲೆಕ್ಕ ಕೇಳಲಿ.

ಅಂದು ಶಿಬಿರ ಮುಗಿದಾಗ ನಮಗೆ ಹಂಚಿದ್ದು ಕ್ರೀಮ್ ಬಿಸ್ಕತ್ತು ಮತ್ತು ಪೊಟ್ಟಣದ ಸಿಹಿ ಪಾನೀಯ. ಸಂಯಮ ನಮ್ಮ ಪಾಲಿಗೆ, ಸರಬರಾಜು ಅವರ ಪಾಲಿಗೆ! ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಖದ ಮೇಲೆ ಕಪ್ಪು ಅಷ್ಟಕೋನದ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿದೆ. ಅಂಥ ನೇರ ಎಚ್ಚರಿಕೆ ನಮಗೂ ಬೇಕು. ಕಚೇರಿಯ ಸಭೆಗಳಲ್ಲಿ ಬಿಸ್ಕತ್ತಿನ ಜಾಗಕ್ಕೆ ಕಡಲೆಕಾಯಿ, ಬಾಳೆಹಣ್ಣು ಬರಲು ಯಾವ ಕಾನೂನೂ ಬೇಕಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ನಮ್ಮ ಹಿರಿಯರು. ಊಟ ಬಿಟ್ಟವನಿಗೆ ಎನ್ನಲಿಲ್ಲ. ಬಲ್ಲವರಾಗಲು ನಮಗೆ ತಿಳಿವಳಿಕೆ ಕೊಡಿ, ಸರಿಯಾದ ತಟ್ಟೆ ಕೊಡಿ. ನಾಚಿಕೆಯನ್ನು ಬಡಿಸಬೇಡಿ.