ಮೊಮ್ಮಗನ ಹೆಸರಿಗೆ ಮಳಿಗೆ

ಮೊಮ್ಮಗನಿಗೆ ಹನ್ನೊಂದು ತುಂಬಿದ ದಿನ ನಾನೊಂದು ದೊಡ್ಡ ಮಾತು ಆಡಿಬಿಟ್ಟೆ. ತಿಪಟೂರಿನ ನಮ್ಮ ಮನೆಯ ಮುಂಭಾಗದಲ್ಲಿರುವ ಎರಡು ಮಳಿಗೆಗಳನ್ನೂ ಅವನ ಹೆಸರಿಗೆ ಬರೆಯುತ್ತೇನೆ ಅಂದೆ. ಹುಡುಗ ಕೇಕಿನ ಚಾಕು ಹಿಡಿದುಕೊಂಡೇ, "ತಾತ, ಹಾಗಾದ್ರೆ ಬಾಡಿಗೆ ನನಗೇ ಕೊಡ್ತಾರಾ?" ಅಂತ ಕೇಳಿದ. ಎಲ್ಲರೂ ನಕ್ಕರು. ಮಗಳು ಮಾತ್ರ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅದನ್ನು ನಾನು ಆಗ ಗಮನಿಸಲಿಲ್ಲ, ನಮ್ಮವಳು ಗಮನಿಸಿದ್ದಳು.

ನನ್ನ ತಲೆಯಲ್ಲಿದ್ದದ್ದು ಪ್ರೀತಿಯೊಂದೇ ಅಲ್ಲ, ತೆರಿಗೆಯೂ ಇತ್ತು. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ಕಾಲದಲ್ಲಿ, ಮಾರ್ಚ್ ತಿಂಗಳು ಬಂತೆಂದರೆ ಅಜ್ಜಂದಿರು ಮೊಮ್ಮಕ್ಕಳ ಜನ್ಮಪತ್ರ ಹಿಡಿದು ಬರುತ್ತಿದ್ದರು. ಅವರ ಹೆಸರಿನಲ್ಲಿ ಠೇವಣಿ ಇಟ್ಟರೆ ಬಡ್ಡಿ ಮಗುವಿನ ಲೆಕ್ಕಕ್ಕೆ, ಮಗುವಿಗೆ ಬೇರೆ ಆದಾಯವಿಲ್ಲ, ಆದ್ದರಿಂದ ತೆರಿಗೆಯೂ ಇಲ್ಲ. ಆ ಬಾಗಿಲನ್ನು 1992ರ ಬಜೆಟ್ಟಿನಲ್ಲಿ ಮನಮೋಹನ್ ಸಿಂಗ್ ಅವರು ಮುಚ್ಚಿದರು. ಅಂದಿನಿಂದ ಹದಿನೆಂಟು ತುಂಬದ ಮಗುವಿನ ಆದಾಯವನ್ನು, ಅದನ್ನು ಕೊಟ್ಟವರು ಯಾರೇ ಆಗಿರಲಿ, ತಂದೆ ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರಿಸಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 1,500 ರೂಪಾಯಿ ವಿನಾಯಿತಿ ಉಂಟು, ಹೊಸದರಲ್ಲಿ ಅದೂ ಇಲ್ಲ. ಇದನ್ನು ನಾನೇ ಎಷ್ಟೋ ಗ್ರಾಹಕರಿಗೆ ವಿವರಿಸಿದ್ದೇನೆ. ಸ್ವಂತ ಮೊಮ್ಮಗನ ವಿಷಯಕ್ಕೆ ಬಂದಾಗ ಮರೆತುಹೋಗಿತ್ತು ನೋಡಿ.

ಮಕ್ಕಳೇ, ನೀವು ಸಿನಿಮಾದಲ್ಲಿ ನಟಿಸಿಯೋ ಚಿತ್ರ ಬರೆದೋ ಸ್ವಂತ ಪ್ರತಿಭೆಯಿಂದ ಸಂಪಾದಿಸಿದ ಹಣ ಹಾಗೆ ಅಪ್ಪ ಅಮ್ಮನ ಲೆಕ್ಕಕ್ಕೆ ಸೇರುವುದಿಲ್ಲ, ಅದು ನಿಮ್ಮದೇ ಆದಾಯ. ತೀವ್ರ ಅಂಗವೈಕಲ್ಯವುಳ್ಳ ಮಕ್ಕಳ ಆದಾಯವನ್ನೂ ಸೇರಿಸುವುದಿಲ್ಲ. ತಾತ ಕೊಟ್ಟ ಅಂಗಡಿಯ ಬಾಡಿಗೆಯಲ್ಲಿ ಪ್ರತಿಭೆ ಏನೂ ಇಲ್ಲವಲ್ಲ!

ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ. ಎರಡು ಮಳಿಗೆಯಿಂದ ತಿಂಗಳಿಗೆ 24,000, ವರ್ಷಕ್ಕೆ 2,88,000. ನಗರಸಭೆಗೆ ಕಟ್ಟುವ ಕಂದಾಯ 8,000 ಕಳೆದರೆ 2,80,000. ರಿಪೇರಿ ಮಾಡಿಸಲಿ ಬಿಡಲಿ, ಇದರಲ್ಲಿ ಶೇಕಡಾ 30ನ್ನು ಕಾನೂನೇ ಬಿಟ್ಟುಕೊಡುತ್ತದೆ. ಉಳಿದದ್ದು 1,96,000. ನನ್ನ ಪಿಂಚಣಿ, ಠೇವಣಿಯ ಬಡ್ಡಿ ಎಲ್ಲ ಸೇರಿಸಿದರೂ ಏಳು ಲಕ್ಷ ದಾಟುವುದಿಲ್ಲ. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ ಇಂಥ ಆದಾಯ 12 ಲಕ್ಷದವರೆಗೂ ತೆರಿಗೆ ಸೊನ್ನೆ. ಅಂದರೆ ಈಗ ಈ ಬಾಡಿಗೆಗೆ ನಾನು ಕಟ್ಟುತ್ತಿರುವ ತೆರಿಗೆಯೇ ಇಲ್ಲ!

ಮೊಮ್ಮಗನಿಗೆ ಬರೆದುಕೊಟ್ಟರೆ? ಅದೇ 1,96,000 ಬೆಂಗಳೂರಿನಲ್ಲಿರುವ ನನ್ನ ಮಗನ ಲೆಕ್ಕಕ್ಕೆ ಹೋಗುತ್ತದೆ. ಅವನು ಶೇಕಡಾ 30ರ ಮೆಟ್ಟಿಲಲ್ಲಿದ್ದಾನೆ. 58,800, ಅದರ ಮೇಲೆ ಸೆಸ್ 2,352, ಒಟ್ಟು 61,152 ರೂಪಾಯಿ ಪ್ರತಿ ವರ್ಷ. ತೆರಿಗೆ ಉಳಿಸುತ್ತೇನೆಂದು ಹೊರಟ ಬಿ.ಕಾಂ. ತಾತ ಮಗನ ತಲೆಗೆ ಹೊರೆ ಹಾಕುವುದರಲ್ಲಿದ್ದ. ಅಲ್ಲದೆ, ಮಗುವಿನ ಹೆಸರಿಗೆ ಬಂದ ಸ್ಥಿರಾಸ್ತಿಯನ್ನು ಮುಂದೆ ಮಾರಬೇಕಾದರೆ ಹೆತ್ತವರೇ ಆದರೂ ನ್ಯಾಯಾಲಯದ ಅನುಮತಿ ಬೇಕು.

ಈ ಲೆಕ್ಕವನ್ನು ಬೆಳಗಿನ ವಾಕಿಂಗಿನಲ್ಲಿ ಹೇಳಿದಾಗ ಸ್ನೇಹಿತರೊಬ್ಬರು ಉಪಾಯ ಹೇಳಿದರು. ಕಟ್ಟಡ ನಿಮ್ಮ ಹೆಸರಲ್ಲೇ ಇರಲಿ, ಬಾಡಿಗೆ ಮಾತ್ರ ಮಗನ ಖಾತೆಗೆ ಹಾಕಿಸಿ ಅಂತ. ಅದು ನಡೆಯುವುದಿಲ್ಲ. ಆಸ್ತಿ ಕೊಡದೆ ಬರೀ ಆದಾಯ ಕೊಟ್ಟರೆ ಆದಾಯ ಕೊಟ್ಟವನದೇ ಎಂದು ಲೆಕ್ಕ. ಹೆಂಡತಿಗೋ ಸೊಸೆಗೋ ದಾನ ಕೊಟ್ಟರೂ ಬಾಡಿಗೆ ತಿರುಗಿ ನಮ್ಮ ಲೆಕ್ಕಕ್ಕೇ ಬರುತ್ತದೆ. ಹದಿನೆಂಟು ದಾಟಿದ ಮಗ, ಮಗಳು, ಮೊಮ್ಮಗ, ಮೊಮ್ಮಗಳಿಗೆ ಕೊಟ್ಟರೆ ಮಾತ್ರ ಅದು ಅವರದಾಗುತ್ತದೆ. ದಾನ ತೆರಿಗೆ ಎಂಬುದು 1998ರಲ್ಲೇ ಹೋಯಿತು. ತಂದೆಯಿಂದ ಮಗಳಿಗೆ ಬಂದ ದಾನ ಅವಳ ಆದಾಯವೂ ಅಲ್ಲ.

ಮಗಳು ಅಂದೆನಲ್ಲ. ಅವಳು ಇದೇ ಊರಿನಲ್ಲಿದ್ದಾಳೆ. ಮನೆಪಾಠ ಹೇಳಿ ಸಂಸಾರ ತೂಗಿಸುತ್ತಾಳೆ. ಎಂಟು ವರ್ಷದಿಂದ ಪ್ರತಿದಿನ ಬೆಳಗ್ಗೆ ಬಂದು ಅಮ್ಮನಿಗೆ ಇನ್ಸುಲಿನ್ ಚುಚ್ಚಿ ಹೋಗುತ್ತಾಳೆ. ನಮ್ಮವಳು ಅಂದಳು: "ಮೊಮ್ಮಗನಿಗೆ ಎರಡೂ ಅಂದ್ರಿ. ಅವಳಿಗೆ ಏನು ಅಂತ ಒಂದು ಮಾತೂ ಬರಲಿಲ್ಲ ನಿಮ್ಮ ಬಾಯಲ್ಲಿ." ನನಗೆ ಉತ್ತರ ಹೊಳೆಯಲಿಲ್ಲ.

ಮಗನಿಗೆ ಫೋನ್ ಮಾಡಿ ಎರಡು ಮಳಿಗೆಯನ್ನೂ ಅಕ್ಕನಿಗೆ ಬರೆಯುವ ಯೋಚನೆ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಅಕ್ಕನಿಗೆ ಕೊಡಿ ಅಪ್ಪ, ನನ್ನ ಅಡ್ಡಿ ಇಲ್ಲ. ಆದರೆ ಅರ್ಧ ಕೊಡಿ. ನಾಳೆ ನಿಮಗೆ ಏನಾದರೂ ಆದರೆ ಅಮ್ಮನಿಗೆ ಬರೋ ಕುಟುಂಬ ಪಿಂಚಣಿ ಎಷ್ಟು ಅಂತ ನಿಮಗೇ ಗೊತ್ತಲ್ಲ" ಅಂದ. ಹುಡುಗ ನನಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದ.

ಹಾಗಾಗಿ ಅರ್ಧ ಪಾಲು. ದಾನಪತ್ರದಲ್ಲಿ ಪಾಲು ಇಷ್ಟೆಂದು ಸ್ಪಷ್ಟವಾಗಿ ಬರೆದರೆ ಬಾಡಿಗೆಯ ಆದಾಯವೂ ಹಾಗೆಯೇ ಒಡೆಯುತ್ತದೆ, ಅವಳಿಗೆ 98,000, ನನಗೆ 98,000. ಬಾಡಿಗೆ ಕರಾರನ್ನೂ ಇಬ್ಬರ ಹೆಸರಿಗೆ ಬದಲಿಸಬೇಕು. ಇದು ನಾನು ಬ್ಯಾಂಕಿನ ಸಾಲ ತೆಗೆದು ಕಟ್ಟಿಸಿದ ಸ್ವಯಾರ್ಜಿತ ಆಸ್ತಿಯಾದ್ದರಿಂದ ಕೊಡುವ ಹಕ್ಕು ನನ್ನದು. ಪಿತ್ರಾರ್ಜಿತವಾಗಿದ್ದರೆ ಕಥೆ ಬೇರೆ. ದಾನಪತ್ರ ನೋಂದಣಿಯಾಗಲೇಬೇಕು, ಇಬ್ಬರು ಸಾಕ್ಷಿಗಳು ಬೇಕು, ತೆಗೆದುಕೊಳ್ಳುವವರು ಒಪ್ಪಬೇಕು. ಮಕ್ಕಳಿಗೆ ಕೊಡುವುದಕ್ಕೆ ನಮ್ಮ ರಾಜ್ಯದಲ್ಲಿ ಮಾರಾಟದಂತೆ ಶೇಕಡಾವಾರು ಮುದ್ರಾಂಕ ಶುಲ್ಕವಿಲ್ಲ, ಕೆಲವು ಸಾವಿರದಲ್ಲಿ ಮುಗಿಯುತ್ತದೆ.

ವಕೀಲರು ಒಂದು ಸಾಲು ಸೇರಿಸಿ ಎಂದರು: ದಾನ ಪಡೆದವರು ದಾನಿಯ ಮತ್ತು ಅವರ ಪತ್ನಿಯ ಮೂಲ ಅಗತ್ಯಗಳನ್ನು ನೋಡಿಕೊಳ್ಳತಕ್ಕದ್ದು. ಒಮ್ಮೆ ಕೊಟ್ಟ ದಾನವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗದು. ಆದರೆ ಈ ಷರತ್ತು ಇದ್ದು ಅದು ನಡೆಯದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ದಾನಪತ್ರ ರದ್ದು ಮಾಡಿಸಬಹುದು. ಆ ಸಾಲು ಬರೆಸಲು ನನಗೆ ನಾಚಿಕೆಯಾಯಿತು. ದಿನವೂ ಸೂಜಿ ಹಿಡಿದು ಬರುವವಳಿಗೆ ಷರತ್ತೇ?

ಕರಡನ್ನು ಮಗಳ ಮುಂದಿಟ್ಟೆ. ಅವಳ ಮಗಳು, ಒಂಬತ್ತನೇ ತರಗತಿಯವಳು, ಹೆಗಲ ಮೇಲಿಂದ ಬಗ್ಗಿ ಓದಿ, "ತಾತ, ದಾನ ಅಂದ್ರೆ ಕೊಟ್ಟುಬಿಡೋದು ತಾನೆ? ಮತ್ತೆ ಇದೇನು?" ಅಂದಳು. ನಾನು ಕನ್ನಡಕ ಒರೆಸಿಕೊಂಡೆ. ಮಗಳು ಓದುವುದನ್ನು ನಿಲ್ಲಿಸದೆ, "ಇರಲಿ ಬಿಡೇ. ನಾಳೆ ನಾನು ಇಲ್ಲದಿದ್ದರೆ ನೋಡ್ಕೊಳ್ಳೋಳು ನೀನು ತಾನೆ? ಬರೆದಿದ್ದರೆ ನೆನಪಿರುತ್ತೆ" ಅಂದಳು.

ಮೊಮ್ಮಗನಿಗೂ ಹೇಳಬೇಕಿತ್ತು. ಮಾತು ತಪ್ಪಿದ್ದಕ್ಕೆ ಫೋನಿನಲ್ಲೇ ಕ್ಷಮೆ ಕೇಳಿದೆ. "ಪರವಾಗಿಲ್ಲ ತಾತ, ಒಂದು ಸೈಕಲ್ ಸಾಕು" ಅಂದ. ಅದಕ್ಕೆ ದಾನಪತ್ರ ಬೇಕಿಲ್ಲ.

ಮುಂದಿನ ತಿಂಗಳು ನೋಂದಣಿ. 1994ರಲ್ಲಿ ಕಟ್ಟಡ ಕಟ್ಟಿಸಿದಾಗಿನ ಇಟ್ಟಿಗೆ, ಸಿಮೆಂಟಿನ ರಸೀದಿಗಳ ಕಟ್ಟು ಟ್ರಂಕಿನಲ್ಲಿತ್ತು. ಮಗಳು ಎಂದಾದರೂ ತನ್ನ ಪಾಲು ಮಾರಿದರೆ, ಲಾಭದ ಲೆಕ್ಕ ಹಿಡಿಯುವುದು ನಾನು ಮಾಡಿದ ಖರ್ಚಿನಿಂದ, ಇಲ್ಲವೇ 2001ರ ಏಪ್ರಿಲ್ 1ರಂದು ಇದ್ದ ಬೆಲೆಯಿಂದ. ದೂಳು ಕೊಡವಿ ಆ ಕಟ್ಟನ್ನು ಅವಳಿಗೆ ಈಗಲೇ ಕೊಟ್ಟಿದ್ದೇನೆ.